ಬರೀ ಹೆಸರು

ಅಮ್ಮ ಎಂದೂ ಅಪ್ಪನ ಹೆಸರು ಹಿಡಿದವಳಲ್ಲ. ಅಂಗಡಿಯವರ ಮುಂದೆ "ನಮ್ಮನೇರು", ನನ್ನ ಮುಂದೆ "ನಿಮ್ಮಪ್ಪ", ಅಪ್ಪನ ಮುಂದೆ "ಏನ್ರಿ". ಇಷ್ಟರಲ್ಲೇ ನಲವತ್ತು ವರ್ಷ ಸಂಸಾರ ತೂಗಿಸಿದಳು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ತವರೂರು ಸಾರಥಿಯಲ್ಲಿ ಅವಳ ಅವ್ವ ಹೇಳಿ ಕಳಿಸಿದ್ದಳಂತೆ. ಮದುವೆ, ಸೀಮಂತದ ಮನೆಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಮಾತ್ರ ಒಡಪು ಹಾಕುತ್ತಿದ್ದಳು. ಹೊಳೆ, ಹೂವು, ಗರಿಕೆ ಅಂತ ಮೂರು ಸಾಲು ಪ್ರಾಸ ಕಟ್ಟಿ, ನಾಲ್ಕನೆಯದರ ತುದಿಯಲ್ಲಿ ಅಪ್ಪನ ಹೆಸರನ್ನು ಮೆಲ್ಲಗೆ ಸೇರಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಬರೀ ಹೆಸರು ಕೂಡದು.

ಅಪ್ಪನದು ಇದರ ಉಲ್ಟಾ. ಕನ್ನಡಕ ಕಾಣದಿದ್ದರೂ ಅಮ್ಮನ ಹೆಸರು, ಚಾ ತಡವಾದರೂ ಅಮ್ಮನ ಹೆಸರು. ಓಣಿಯ ತುದಿಯವರೆಗೂ ಕೇಳುತ್ತಿತ್ತು.

ಹರಿಹರದ ನಮ್ಮ ಮನೆಯಲ್ಲಿ ದುಡ್ಡಿನ ಯಜಮಾನಿಕೆ ನನ್ನದು. ಅಪ್ಪ ಒಂದು ಚಿಕ್ಕ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಜೀವ ಸವೆಸಿದವನು. ನಿವೃತ್ತಿಯಾದಾಗ ಒಂದು ಗಂಟು ಹಣ ಬಂತು, ಪೆನ್ಶನ್ ಇಲ್ಲ. ನಾನು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಕೂರುವವಳು. ನನ್ನದೂ ಗುತ್ತಿಗೆ ಕೆಲಸ, ಯಾವತ್ತು ಬರಬೇಡ ಅನ್ನುತ್ತಾರೋ ಗೊತ್ತಿಲ್ಲ. ಅಪ್ಪನಿಗೋ, ಯಾರು ಬಂದು ಕಣ್ಣೀರು ಹಾಕಿದರೂ ಕೈ ಜೇಬಿಗೆ ಹೋಗುತ್ತಿತ್ತು. ಅಂಥದ್ದರಲ್ಲಿ, ಅಪ್ಪನ ಎದೆನೋವು ತೋರಿಸಲು ಹೋದಾಗ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಹೃದಯ ಬಹಳ ಸೋತಿದೆ, ಹೆಚ್ಚು ದಿನದ ಭರವಸೆ ಕೊಡಲಾರೆ ಅಂದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಪ್ಪ ಹೋದ ಮೇಲೆ ಅಮ್ಮನ ಗತಿ ಏನು ಅನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಬ್ಬ ವಿಮಾ ಏಜೆಂಟರಿದ್ದರು. ಅವರೇ ಜಂಟಿ ಪೆನ್ಶನ್ ಯೋಜನೆ ವಿವರಿಸಿದ್ದು. ಗಂಟನ್ನು ಒಮ್ಮೆ ಕಟ್ಟಿಬಿಟ್ಟರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಇರುವತನಕ ತಿಂಗಳು ತಿಂಗಳು ಹಣ ಬರುತ್ತದೆ. "ಈ ತಿಂಗಳೊಳಗ ಮಾಡ್ರಿ ಮೇಡಂ, ಆಮೇಲೆ ರೇಟ್ ಇಳಿತೈತೆ" ಅಂದರು. ಅರ್ಜಿ, ಸಹಿ ಎಲ್ಲ ಆಯಿತು. ಇನ್ನು ಉಳಿದಿದ್ದು ಫೋನಿನ ವಿಡಿಯೋ ಕಾಲ್ ಒಂದೇ. ಕಂಪನಿಯ ಹುಡುಗಿಯೊಬ್ಬಳು ಮುಖ ನೋಡಿ ನಾಲ್ಕು ಪ್ರಶ್ನೆ ಕೇಳುತ್ತಾಳೆ, ಅವರವರ ಬಾಯಿಂದಲೇ ಉತ್ತರ ಬರಬೇಕು, ಪಕ್ಕದವರು ಹೇಳಿಕೊಡುವಂತಿಲ್ಲ. ಅಪ್ಪನದು ಎರಡೇ ನಿಮಿಷಕ್ಕೆ ಮುಗಿಯಿತು. ಹೆಂಡತಿ ಹೆಸರು ಕೇಳಿದಾಗ ಅವನು ಕೂಗಿದ ರಭಸಕ್ಕೆ ಅಡುಗೆಮನೆಯಿಂದ ಅಮ್ಮ "ಬಂದೆ" ಅಂದಳು.

ಅಮ್ಮನ ಸರದಿ ಬಂತು. "ನಿಮ್ಮ ಪತಿಯ ಹೆಸರು ಹೇಳಿ ಅಮ್ಮಾ." ಅಮ್ಮ, "ನಮ್ಮನೇರು" ಅಂದಳು. ಹುಡುಗಿ ಮತ್ತೆ ಕೇಳಿದಳು. ಅಮ್ಮ ನನ್ನ ಕಡೆ ನೋಡಿದಳು, ನಾನು ಪಿಸುಗುಟ್ಟಿದೆ, ಕಾಲ್ ಕಟ್ಟಾಯಿತು. ಮರುದಿನ ಅಮ್ಮ ರಾತ್ರಿಯೆಲ್ಲ ಯೋಚಿಸಿದವಳಂತೆ ಒಡಪು ಶುರುಮಾಡಿದಳು: "ಹೊಳೀ ದಂಡ್ಯಾಗ ಚಿಗುರೈತೆ ಹಸಿರು ಗರಿಕಿ..." ಎರಡನೇ ಸಾಲು ಮುಗಿಯುವ ಮೊದಲೇ ಆ ಹುಡುಗಿ, "ಅಮ್ಮಾ, ಬರೀ ಹೆಸರು ಹೇಳಿ ಸಾಕು" ಅಂದಳು. ಪಾಪ, ಅವಳಿಗೇನು ಗೊತ್ತು. ಅಮ್ಮ ಫೋನನ್ನು ಮಗುಚಿ ಹಾಕಿ ಎದ್ದುಹೋದಳು.

ನನಗೆ ತಲೆ ಕೆಟ್ಟುಹೋಯಿತು. ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಮೂರನೇ ಸಲ ಫೋನ್ ಹಿಡಿದು ಕೂರಿಸುವ ಮೊದಲು ಬಾಯಿಗೆ ಬಂದಂತೆ ಬೈದೆ. "ನಾಳೆ ಅಪ್ಪ ಇಲ್ದಾಗ ಯಾರ ಮುಂದೆ ಕೈ ಚಾಚ್ತೀಯಮ್ಮ? ಒಂದು ಹೆಸರು ಹೇಳಾಕ ಇಷ್ಟು ರಂಪ ಯಾಕ?" ಆ ಮಾತು ಆಡಬಾರದಿತ್ತು. ಆಡಿದೆ. ಅಮ್ಮ ನನ್ನ ಕೈ ಹಿಡಿದುಕೊಂಡು, "ಡಾಕ್ಟ್ರು ಏನಂದ್ರು?" ಅಂದಳು. ನಾನು ಫೋನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ.

ಅಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಹೇಳೇ ಮಾರಾಯ್ತಿ, ನಾನೇನ್ ಕರಗಿ ಹೋಗಲ್ಲ." ನಾನು ಅವನನ್ನು ಅಂಗಳಕ್ಕೆ ಅಟ್ಟಿ ಬಂದ ಮೇಲೆ ಅಮ್ಮ ಫೋನಿನ ಮುಂದೆ ಕೂತಳು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹೇಳಿದಳು. "ಕೇಳಿಸಲಿಲ್ಲ ಅಮ್ಮಾ, ಸ್ವಲ್ಪ ಜೋರಾಗಿ" ಅಂದಳು ಹುಡುಗಿ. ಅಮ್ಮ ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿದಳು. ಈ ಸಲ ಅಂಗಳಕ್ಕೂ ಕೇಳಿತು. "ಓ" ಅಂತ ಅಪ್ಪ ಅಲ್ಲಿಂದಲೇ ಓಗೊಟ್ಟ. ಆ ದಿನವೆಲ್ಲ ಅವನಿಗೆ ಹಬ್ಬ. ಇನ್ನೊಂದ್ಸಲ ಕೂಗೇ ಅಂತ ಊಟಕ್ಕೆ ಕೂತಾಗಲೂ ಕಾಡಿದ. ಅಮ್ಮ ನಗಲಿಲ್ಲ.

ಮೂರನೇ ವಾರಕ್ಕೆ ಅಪ್ಪ ಹೋದ. ಬೆಳಿಗ್ಗೆ ಚಾ ಕುಡಿದು, ಪೇಪರ್ ಹಿಡಿದು ಕೂತಲ್ಲೇ.

ಬಂದವರೆಲ್ಲ ನನ್ನನ್ನು ಹೊಗಳಿದರು. ಎಷ್ಟು ಮುಂದಾಲೋಚನೆ, ತಾಯಿಗೆ ದಾರಿ ಮಾಡಿಟ್ಟಳು ಅಂದರು. ನಿಜವೇ, ಹಣ ತಪ್ಪದೆ ಬರುತ್ತಿದೆ. ಅಮ್ಮ ಅದರಲ್ಲಿ ಒಂದು ರವಿಕೆ ಬಟ್ಟೆಯನ್ನೂ ಕೊಂಡಿಲ್ಲ. ಮಾತ್ರೆಗೂ ನನ್ನ ಸಂಬಳವೇ ಆಗಬೇಕು. ಎಷ್ಟೋ ಸಲ ಕೂರಿಸಿಕೊಂಡು ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡು ಎದ್ದುಹೋಗುತ್ತಾಳೆ. ಲೆಕ್ಕಾಚಾರದಲ್ಲಿ ನಾನು ಎಲ್ಲೂ ತಪ್ಪಿರಲಿಲ್ಲ. ಆದರೂ ಅವಳು ಒಬ್ಬಳೇ ಅಕ್ಕಿ ಆರಿಸುತ್ತ ಕೂತಾಗ ಎದುರಿಗೆ ಹೋಗಲು ನನಗೆ ಹೆದರಿಕೆ.

ಮೊನ್ನೆ, ಅಮ್ಮ ಬದುಕಿದ್ದಾಳೆ ಎಂದು ದಾಖಲೆ ಕೊಡುವ ವರ್ಷದ ಕೆಲಸಕ್ಕೆ ದಾವಣಗೆರೆಯ ಪೆನ್ಶನ್ ಕಂಪನಿಯ ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನವರು ಗಂಡನ ಹೆಸರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು. ಬರೀ ಹೆಸರು, ಸ್ಪಷ್ಟವಾಗಿ, ಊರಿನ ಹೆಸರು ಹೇಳುವ ಹಾಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಅವತ್ತು ಆ ಹುಡುಗಿಗೆ ಮೊದಲ್ನೇ ಸಲಾನೇ ಕೇಳ್ಸಿದ್ರೆ, ನಿಮ್ಮಪ್ಪ ಇನ್ನೊಂದಿಷ್ಟು ದಿನ ಇರ್ತಿದ್ದರೇನವ್ವ? ಎರಡು ಸಲ ಹೇಳಿದೆನಲ್ಲ."

ಹಂಗೇನಿಲ್ಲಮ್ಮ ಅಂದೆ. ಹೂಂ ಅಂದಳು, ನನಗೆ ಸಮಾಧಾನವಾಗಲಿ ಅಂತ.