ಪ್ರೇಮ ಕಾದಂಬರಿ ಪರೀಕ್ಷಿಸುವ ತಾಯಿ
ಪ್ವೆಬ್ಲಾ ಎಂಬ ಊರಿನ ಯಾದೀರಾ, ಮಗಳು ಇತ್ಸೆಲ್ ತರುವ ಪ್ರೇಮ ಕಾದಂಬರಿಗಳನ್ನು ತಾನು ಮೊದಲು ಓದಿ ನೋಡದೆ ಅವಳ ಕೈಗೆ ಕೊಡುವವಳಲ್ಲ. ಬರುವ ತಿಂಗಳು ಹುಡುಗಿಗೆ ಹದಿನೈದು ತುಂಬುವ ಹಬ್ಬ, ಮಗಳು ದೊಡ್ಡವಳಾದಳೆಂದು ಊರಿಗೆ ಸಾರುವ ಅಲ್ಲಿಯ ಪದ್ಧತಿ. ಊರೆಲ್ಲ ಸೇರಿ ಕುಣಿಯುವಾಗ ಮಗಳ ಮೇಲೆ ಯಾವ ಹುಡುಗನ ಕಣ್ಣು ಬೀಳುತ್ತದೋ ಎಂಬ ದಿಗಿಲು ತಾಯಿಗೆ. ನಿಂತು, ಕೂತು, ಕಿಟಕಿಗೆ ಹೋಗಿ ಬಂದು ಓದುತ್ತಾಳೆ. ಒಲೆಯ ಮೇಲೆ ಕಾಳು ಸೀಯುತ್ತದೆ, ಬಸ್ಸಿನಲ್ಲಿ ಇಳಿಯುವ ಜಾಗ ದಾಟಿಹೋಗುತ್ತದೆ, "ಬಾಯಿಬಿಟ್ಟು ಹೇಳೋ ದಡ್ಡ" ಎಂದು ಕಥೆಯ ಹುಡುಗನನ್ನು ಗದರುವುದು ಪಕ್ಕದ ಸೀಟಿನವರಿಗೂ ಕೇಳುತ್ತದೆ. "ಒಂದೇ ಪುಸ್ತಕಾನ ಎಷ್ಟು ಸಲ ಪರೀಕ್ಷೆ ಮಾಡ್ತೀಯಮ್ಮಾ?" ಎಂದು ಮಗಳು ಕೆಣಕಿದರೆ, "ಕೆಟ್ಟದ್ದು ಒಂದೇ ಓದಿಗೆ ಸಿಗೋದಿಲ್ಲ, ಸುಮ್ನಿರು" ಎನ್ನುತ್ತಾಳೆ. ಮೊನ್ನೆ ಓದಿದ ಕಾದಂಬರಿಯ ಕೊನೆಯಲ್ಲಿ ಹುಡುಗ ಹುಡುಗಿ ಮೋಟಾರ್ ಸೈಕಲ್ಲೇರಿ ಊರು ಬಿಟ್ಟರು. ಯಾದೀರಾ ಬಿಕ್ಕಿ ಬಿಕ್ಕಿ ಅತ್ತಳು. "ಇಬ್ರೂ ಒಂದಾದ್ರಲ್ಲ, ಇನ್ಯಾಕೆ ಅಳ್ತೀಯ?" ಎಂದಳು ಮಗಳು. ಆ ಸೀಮೆಯ ಎಷ್ಟೋ ಹುಡುಗಿಯರಂತೆ ಹದಿನಾರಕ್ಕೇ, ಮನೆಯಲ್ಲಿ ಹೇಳದೆ ಕೇಳದೆ, ಇತ್ಸೆಲ್‌ಳ ಅಪ್ಪನ ಹಿಂದೆ ಹೊರಟುಬಂದಿದ್ದ ಯಾದೀರಾ ಮೂಗೊರೆಸಿಕೊಂಡಳು. "ಅವಳು ಹೋಗಿದ್ದು ಅವಳಮ್ಮನಿಗೆ ಯಾವಾಗ ಗೊತ್ತಾಯ್ತು ಅನ್ನೋದನ್ನ ಬರೆದೇ ಇಲ್ಲ ಕಣೇ."