ಗ್ರಾಸಿಯಾಸ್ ಎಂದವರ ಸರದಿ

ತಾಕ್ವಾರಾ ಊರಿನ ಆರೋಗ್ಯ ಕೇಂದ್ರದಲ್ಲಿ ಸ್ಕ್ಯಾನಿಗೆ ಬಂದವರಿಗೆ ಟೋಕನ್ ಕೊಡುವ ಪದ್ಧತಿ ಇರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಜಗಲಿಯಲ್ಲಿ ಬೆಳಗಿನಿಂದಲೇ ತೆರೆರೆಯ ಸುತ್ತು ನಡೆಯುತ್ತಿತ್ತು. ಕೊಂಬಿನ ಲೋಟಕ್ಕೆ ಯೆರ್ಬಾ ಎಲೆಯ ಪುಡಿ ತುಂಬಿ, ಸೊಪ್ಪು ಜಜ್ಜಿ ಹಾಕಿದ ತಣ್ಣೀರು ಹೊಯ್ದು ಒಬ್ಬರು ಕೊಡುತ್ತಾ ಹೋಗುವುದು. ಉಳಿದವರು ಒಬ್ಬರಾದ ಮೇಲೊಬ್ಬರು ಅದೇ ಕೊಳವೆಯಲ್ಲಿ ಹೀರಿ ಲೋಟ ಹಿಂತಿರುಗಿಸುವುದು. ‘ಗ್ರಾಸಿಯಾಸ್’ ಎಂದು ವಂದನೆ ಹೇಳಿದರೆ ‘ನನಗೆ ಸಾಕು’ ಎಂದರ್ಥ. ಹಾಗೆನ್ನುವ ತನಕ ಲೋಟ ಬರುತ್ತಲೇ ಇರುತ್ತದೆ.

ಕಿಬ್ಬೊಟ್ಟೆಯ ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು. ಕರುಳಿನಲ್ಲಿರುವ ಗಾಳಿ ಯಂತ್ರ ಕಳಿಸುವ ಶಬ್ದದ ಅಲೆಗಳಿಗೆ ಅಡ್ಡ ಬರುತ್ತದೆ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಅಲೆಗಳಿಗೆ ದಾರಿ ಬಿಡುತ್ತದೆ. ಅದರ ಹಿಂದೆ ಹೆಣ್ಣಿಗಾದರೆ ಗರ್ಭಕೋಶವೂ ಅಂಡಾಶಯಗಳೂ, ಗಂಡಿಗಾದರೆ ಅದರ ಬುಡದಲ್ಲಿ ಪ್ರಾಸ್ಟೇಟ್ ಗ್ರಂಥಿಯೂ ಕಾಣುತ್ತವೆ. ಸ್ಕ್ಯಾನ್ ಮಾಡುವ ನಿಮಿಯಾ ಓವೆಲಾರ್ ತುಂಬಿದ ಮೂತ್ರಕೋಶವನ್ನು ‘ಕಿಟಕಿ’ ಎನ್ನುತ್ತಿದ್ದಳು. ಕಿಟಕಿ ತುಂಬಿದವರು ಗ್ರಾಸಿಯಾಸ್ ಅನ್ನುತ್ತಾರೆ, ಅಂದವರು ಒಳಗೆ ಬರುತ್ತಾರೆ. ಊರಿನ ಅಭ್ಯಾಸವನ್ನೂ ಯಂತ್ರದ ಅಗತ್ಯವನ್ನೂ ಅವಳು ಹೀಗೆ ಗಂಟು ಹಾಕಿದ್ದಳು, ಆ ಗಂಟು ಒಮ್ಮೆಯೂ ಬಿಚ್ಚಿಕೊಂಡಿರಲಿಲ್ಲ.

ಗಂಟು ಹಾಕುವುದು ಅವಳಿಗೆ ಮನೆಯ ವಿದ್ಯೆ. ಅಮ್ಮ ಇತಾಗ್ವಾ ಎಂಬ ಊರಿನಲ್ಲಿ ನ್ಯಾಂದುತಿ ಹೆಣೆಯುವವಳು, ಜೇಡರ ಬಲೆಯಂತಹ ಸುತ್ತು ಸುತ್ತಾದ ಕಸೂತಿ. “ದಾರ ನೋಡ್ಬೇಡ ಮಗಳೇ, ತೂತು ನೋಡು. ತೂತು ಸರಿಯಿದ್ರೆ ದಾರ ಎಲ್ಲಿಗೆ ಹೋಗುತ್ತೆ?” ಅನ್ನುತ್ತಿದ್ದಳು. ತಪ್ಪು ಗಂಟು ಬಿದ್ದರೆ ಅಲ್ಲಿಯವರೆಗೂ ಬಿಚ್ಚಿಸುತ್ತಿದ್ದಳು. “ಬಿಚ್ಚೋಕೆ ನಾಚ್ಕೊಳ್ಳೋಳು ಹೆಣೆಯೋಕೆ ಕಲಿಯೋದಿಲ್ಲ.” ರಾಜಧಾನಿ ಅಸುನ್ಸಿಯೋನ್‌ನಲ್ಲಿ ತರಬೇತಿ ಪಡೆಯುವಾಗ ಮೊದಲ ಸಲ ಪರದೆ ನೋಡಿದ ನಿಮಿಯಾಗೆ ಅಮ್ಮನ ಮಾತೇ ನೆನಪಾಗಿತ್ತು. ನೀರಿದ್ದ ಕಡೆ ಪರದೆ ಕಪ್ಪು, ಮಾಂಸವಿದ್ದ ಕಡೆ ಬೂದು. ಓದಬೇಕಾದದ್ದು ಹೆಚ್ಚಾಗಿ ಆ ಕಪ್ಪು ತೂತುಗಳನ್ನೇ. ಉಳಿದವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು. “ಅಯ್ಯೋ, ಇದು ಗೊತ್ತು ನನಗೆ!”

ಯಂತ್ರ ತಾಕ್ವಾರಾಕ್ಕೆ ಬಂದದ್ದು ಹಾಸಿಗೆ ಸುತ್ತಿಕೊಂಡು, ಹಾಲಿನ ಲಾರಿಯಲ್ಲಿ. ಜೊತೆಗೆ ಬಂದ ನಿಮಿಯಾ ಅಲ್ಲೇ ಉಳಿದಳು. ಸುತ್ತಮುತ್ತ ಎಲ್ಲೂ ಬೇರೆ ಯಂತ್ರವಿರಲಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲಿಯೂ ಇರಲಿಲ್ಲ. ಅಲ್ಲಿನ ಶಸ್ತ್ರವೈದ್ಯರು ನಿಮಿಯಾ ಕಳಿಸಿದ ಚಿತ್ರ ನೋಡಿಯೇ ಕತ್ತಿ ಹಿಡಿಯುತ್ತಿದ್ದರು. “ನೀವು ಕಂಡಿದೀರಿ ಅಂದ್ರೆ ನಾನು ಕಂಡ ಹಾಗೆ” ಎಂದಿದ್ದರು ಒಮ್ಮೆ. ಅದನ್ನು ನೆನೆದಾಗಲೆಲ್ಲ ನಿಮಿಯಾಗೆ ಹೆಮ್ಮೆಯಾಗುತ್ತಿತ್ತು. ಜನವರಿಯ, ಅಲ್ಲಿನ ನಡುಬೇಸಿಗೆಯ, ಒಂದು ಬೆಳಿಗ್ಗೆ ಮಾತ್ರ ಅದೇ ಮಾತು ಅವಳನ್ನು ಹೆದರಿಸಿತು.

ಅಂದು ಜಗಲಿಯಲ್ಲಿ ಲೋಟ ತುಂಬಿಸುತ್ತಿದ್ದವನು ಮುದುಕ ಹೆರ್ವಾಸಿಯೊ. ಹಸು ಸಾಕುವವನು, ಬಾಯಿ ಸುಮ್ಮನಿರದವನು. ಮೂತ್ರ ಕಟ್ಟುತ್ತದೆಂದು ತಾನೂ ಸ್ಕ್ಯಾನಿಗೆ ಬಂದಿದ್ದ. ಸುತ್ತಿನಲ್ಲಿ ಅವನ ಪಕ್ಕಕ್ಕೆ ಸೆಫೆರಿನಾ ಕೂತಿದ್ದಳು, ಅವನ ಮಗ ರುಬೆನ್‌ಗೆ ನಿಶ್ಚಯವಾದ ಹುಡುಗಿ. ಪ್ರತಿ ತಿಂಗಳು ಕಿಬ್ಬೊಟ್ಟೆಯ ಒಂದು ಕಡೆ ನೋವು ಬಂದು ಹೋಗುತ್ತದೆಂದು, ಈಸ್ಟರ್ ಆದ ಮೇಲಿನ ಮದುವೆಗೆ ಮೊದಲೇ ನೋಡಿಸಿಬಿಡೋಣವೆಂದು ಒಬ್ಬಳೇ ಬಂದಿದ್ದಳು. ಮಾವನಾಗುವವನು ಅಲ್ಲಿರುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

“ಕುಡಿಯಮ್ಮಾ ಮದುಮಗಳೇ! ಕುದುರೆಬಾಲದ ಸೊಪ್ಪು ಹಾಕಿದೀನಿ, ಒಳಗಿರೋದೆಲ್ಲ ತೊಳ್ಕೊಂಡ್ ಹೋಗುತ್ತೆ.”

ಮಾವನ ಕೈಯ ಲೋಟಕ್ಕೆ ಸಾಕು ಅನ್ನುವುದು ಹೇಗೆ? ಸೆಫೆರಿನಾ ಕುಡಿದಳು, ಮತ್ತೆ ಕುಡಿದಳು. ಎಲ್ಲರೂ ಗ್ರಾಸಿಯಾಸ್ ಅಂದರೂ ಅವಳು ಅನ್ನಲಿಲ್ಲ. ಕೊನೆಗೆ ನಿಮಿಯಾಳೇ ಕರೆದಳು.

ಪರದೆಯ ತುಂಬ ಕಪ್ಪು. ಮೂತ್ರಕೋಶ ಅತಿಯಾಗಿ ತುಂಬಿದರೂ ಕಷ್ಟವೇ. ಹಿಂದಿರುವುದನ್ನೆಲ್ಲ ಅದುಮಿ ಆಳಕ್ಕೆ ತಳ್ಳಿಬಿಡುತ್ತದೆ. “ಜಾಸ್ತಿಯಾಯ್ತು ಕಣಮ್ಮ. ಹೋಗಿ ಖಾಲಿ ಮಾಡ್ಕೊಂಡ್ ಬಾ” ಎಂದಳು.

ಕೇಂದ್ರಕ್ಕಿದ್ದದ್ದು ಒಂದೇ ಶೌಚಾಲಯ, ಹಿತ್ತಲ ಮಾವಿನ ಮರದ ಕೆಳಗೆ. ಅಷ್ಟರಲ್ಲಿ ನಿಮಿಯಾ ಒಬ್ಬ ಬಸುರಿಯನ್ನು ನೋಡಿ ಮುಗಿಸಿ, ತೆರೆದ ಬಾಗಿಲಲ್ಲೇ ನಿಂತು, ಜಗಲಿಗೆಲ್ಲ ಕೇಳುವ ಹಾಗೆ ಕೂಗಿದಳು: “ಸೆಫೆರಿನಾ! ಆಯ್ತಾ?”

“ಆಯ್ತು ನ್ಯಾ ನಿಮಿಯಾ.” ಹಿರಿಯ ಹೆಂಗಸರಿಗೆ ಸಲ್ಲುವ ‘ನ್ಯಾ’ ಇತ್ತು, ದನಿ ಮಾತ್ರ ಸಣ್ಣಗಿತ್ತು.

ಎರಡನೇ ಸಲವೂ ಅದೇ ಕಪ್ಪು. ತೆಳು ಗೋಡೆ, ಒಳಗೆ ಬರೀ ನೀರು, ಅಡ್ಡಳತೆ ಹದಿನಾಲ್ಕು ಸೆಂಟಿಮೀಟರ್. ನಿಮಿಯಾ ಕ್ರಮವಾಗಿ ಯೋಚಿಸಿದಳು. ಮೂತ್ರಕೋಶ ಖಾಲಿಯಾಗಿದೆ. ಆದರೂ ಚೀಲ ಇದೆ. ಆದ್ದರಿಂದ ಇದು ಮೂತ್ರಕೋಶವಲ್ಲ, ಅಂಡಾಶಯದ ನೀರುಗಡ್ಡೆ. ಮೊದಲ ಸಲ ಕಂಡದ್ದೂ ಇದೇ. ಗಡ್ಡೆ ತಿರುಚಿಕೊಂಡರೆ ಅಂಡಾಶಯಕ್ಕೆ ರಕ್ತ ನಿಲ್ಲುತ್ತದೆ. ಇಂದೇ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಒಂದೊಂದು ಮೆಟ್ಟಿಲೂ ಸರಿಯಾಗಿತ್ತು, ಮೊದಲನೆಯದೊಂದನ್ನು ಬಿಟ್ಟು.

ಸೆಫೆರಿನಾ ಅಳಲಿಲ್ಲ. ಜೆಲ್ ಒರೆಸಿಕೊಂಡು ಕೇಳಿದಳು: “ಅಂಡಾಶಯ ತೆಗೀತಾರಾ?”

“ಒಂದು ತೆಗೀಬೇಕಾಗಬಹುದು. ಇನ್ನೊಂದು ಇರುತ್ತಲ್ಲ.”

“ಅರ್ಧ ಹೆಂಗಸಾಗಿ ಅವರ ಮನೆಗೆ ಹೋಗಲ್ಲ. ಬಸ್ ಹತ್ತೋ ಮುಂಚೆ ಉಂಗುರಾನ ರುಬೆನ್‌ಗೆ ಕಳಿಸಿಬಿಡ್ತೀನಿ. ಮಾವನವರಿಗೆ ಏನೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ.”

“ಒಂದು ಅಂಡಾಶಯ ಇದ್ರೂ ಮಕ್ಕಳಾಗುತ್ತೆ ಕಣೇ. ಉಂಗುರ ಬೆರಳಲ್ಲೇ ಇರ್ಲಿ, ಕೇಳ್ತಾ?” ಎಂದಳು ನಿಮಿಯಾ. ಸೆಫೆರಿನಾ ಉಂಗುರದ ಬೆರಳನ್ನು ಮಡಿಸಿಕೊಂಡಳು. ಶಸ್ತ್ರವೈದ್ಯರಿಗೆ ಬರೆದ ಪತ್ರ ತೆಗೆದುಕೊಂಡು ಹಿಂಬಾಗಿಲಿಂದ ಹೊರಟಳು. ನಡೆಯುವಾಗ ಬಾಗಿದ್ದಳು. ನೋವಿಗೆ ಎಂದುಕೊಂಡಳು ನಿಮಿಯಾ.

ಮುಂದಿನ ಸರದಿ ಹೆರ್ವಾಸಿಯೊನದು. ಮಂಚದ ಮೇಲೆ ಅಂಗಾತ ಮಲಗಿ, ಹೊಟ್ಟೆಗೆ ಜೆಲ್ ಬಿದ್ದೊಡನೆ ಕಿರುಚಿದ: “ಅಬ್ಬಾ! ಐಸ್ ಪೆಟ್ಟಿಗೆಯಲ್ಲಿ ಇಡ್ತೀಯೇನಮ್ಮ ಇದನ್ನ?”

“ಅಲ್ಲಾಡ್ಬೇಡಿ ಕಾರಾಯಿ” ಎಂದಳು ನಿಮಿಯಾ, ಆ ಕಡೆ ಹಿರಿಯರನ್ನು ಕರೆಯುವ ಹಾಗೆ. “ನೋಡಿ, ಇದು ಪ್ರಾಸ್ಟೇಟ್. ಎಳೆಯರಲ್ಲಿ ಅಡಿಕೆಗಿಂತ ಸ್ವಲ್ಪ ದೊಡ್ಡದಿರುತ್ತೆ. ನಿಮ್ಮದು ಸೀಬೆಕಾಯಿ.”

“ನಮ್ಮನೇಲಿ ಎಲ್ಲಾ ದೊಡ್ಡದೇ. ಕೇಳ್ ನೋಡು ಊರಲ್ಲಿ.”

“ಊರು ಬಿಡಿ. ಈಗ ಹೋಗಿ ಖಾಲಿ ಮಾಡ್ಕೊಂಡ್ ಬನ್ನಿ. ಆಮೇಲೆ ಎಷ್ಟು ಉಳಿಯುತ್ತೆ ನೋಡ್ಬೇಕು.”

“ಆಗಲೇ ಹೋಗಿದ್ನಲ್ಲ! ನಮ್ಮ ಹುಡುಗಿ ನಿನ್ನ ರೂಮಿಂದ ಎದ್ದು ಬರೋದಕ್ಕೂ ನಾನು ಕಕ್ಕಸಿಗೆ ನುಗ್ಗೋದಕ್ಕೂ ಸರಿಹೋಯ್ತು. ನಿಂತೆ, ನಿಂತೆ. ತೊಟ್ಟು ತೊಟ್ಟು. ಮಾವಿನ ಮರದಲ್ಲಿ ಕಾಯಿ ಹಣ್ಣಾಗೋ ಹೊತ್ತು ನಿಂತೆ ಅನ್ನು. ನಾನು ಒಳಗಿದ್ದಾಗಲೇ ನೀನು ಅವಳ ಹೆಸರು ಕೂಗಿದ್ದು ಕೇಳಿಸ್ತು.”

ನಿಮಿಯಾಳ ಕೈಯಲ್ಲಿದ್ದ, ಚಿತ್ರ ಹಿಡಿಯುವ ಪ್ರೋಬ್ ಮುದುಕನ ಹೊಟ್ಟೆಯ ಮೇಲೆ ಹಾಗೇ ನಿಂತಿತು.

“ಮೊದಲಿಂದ ಕೊನೇವರೆಗೂ ಒಳಗೆ ನೀವೇ ಇದ್ರಾ?”

“ಇನ್ಯಾರು? ಬಾಗಿಲಾಚೆ ಯಾರೋ ಕಾಲು ಬದಲಾಯಿಸ್ತಾ ನಿಂತಿದ್ರು. ತಟ್ಟಿದ್ರೆ ಬರ್ತಿದ್ದೆ. ಯಾರೂ ತಟ್ಟಲಿಲ್ಲ.”

ಮಾವನಾಗುವವನು ಒಳಗಿರುವಾಗ ಯಾವ ಹುಡುಗಿ ಬಾಗಿಲು ತಟ್ಟುತ್ತಾಳೆ? ಅವನು ಕೇಳಿಸಿಕೊಳ್ಳುವಂತೆ, ಊರೆಲ್ಲ ಕೂತಿರುವಾಗ, ‘ಇನ್ನೂ ಆಗಿಲ್ಲ’ ಎಂದು ಹೇಗೆ ಕೂಗುತ್ತಾಳೆ? ನಿಮಿಯಾಳ ತಲೆಯಲ್ಲಿ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅದು ಗಡ್ಡೆಯಲ್ಲ. ಮುದುಕ ಕುಡಿಸಿದ ಕುದುರೆಬಾಲದ ನೀರು! ಎರಡು ಸಲ ಒಂದೇ ಚೀಲ ಕಂಡಿತು, ಯಾಕೆಂದರೆ ಎರಡು ಸಲವೂ ಅದು ಅದೇ ಚೀಲ. ಅವಳು ಕಂಡದ್ದನ್ನೇ ತಾನೂ ಕಂಡಂತೆ ನಂಬುವ ಶಸ್ತ್ರವೈದ್ಯರು ಇಲ್ಲದ ಗಡ್ಡೆಗೆ ಕತ್ತಿ ಹಿಡಿಯುತ್ತಾರೆ.

“ನಿಮ್ಮ ಗಾಡಿ ಇದೆಯಾ ಕಾರಾಯಿ?”

“ಇದೆ. ಯಾಕೆ?”

“ಎದ್ದೇಳಿ! ಬಸ್ ಹಿಡೀಬೇಕು!”

“ಎಲ್ಲಿಗಮ್ಮ? ನನ್ನ ಸೀಬೆಕಾಯಿ?”

“ಅದು ಎಲ್ಲೂ ಓಡಿಹೋಗಲ್ಲ!”

ಜಗಲಿಯಲ್ಲಿದ್ದವರಿಗೆ “ಇದೋ ಬಂದೆ, ಯಾರೂ ಏಳಬೇಡಿ!” ಎಂದು ಕೂಗಿ, ಬಿಳಿ ಕೋಟಿನಲ್ಲೇ ಗಾಡಿ ಹತ್ತಿದಳು. ಮುದುಕ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತಲೇ ಕುದುರೆಗೆ ಚಾಟಿ ಬೀಸಿದ. ಟೆಲಿಫೋನ್ ತಂತಿ ಹಿಂದಿನ ದಿನದ ಗಾಳಿಮಳೆಗೆ ಹರಿದುಬಿದ್ದಿತ್ತು. ಆದರೆ ಅದೇ ಮಳೆ ಒಂದು ಉಪಕಾರವನ್ನೂ ಮಾಡಿತ್ತು. ಕೆಂಪು ಮಣ್ಣಿನ ರಸ್ತೆ ಒದ್ದೆಯಾದರೆ ಊರಾಚೆ ಸರಪಳಿ ಕಟ್ಟಿ ಬಸ್ಸು ಲಾರಿಗಳನ್ನು ತಡೆಯುತ್ತಾರೆ. ಒಣಗಿದ ಮೇಲೇ ಬಿಡುವುದು. ನಿಮಿಯಾ ಬಿಸಿಲನ್ನು ನೋಡಿದಳು. ಬೇಗ ಬೇಗ ಒಣಗಿಸುವ ಬಿಸಿಲು.

“ಬೇಗ ಕಾರಾಯಿ, ಬೇಗ!”

“ಯಾಕೆ ಅಂತ ಹೇಳಬಾರ್ದಾ?”

“ನಾನು ಹೇಳೋ ಹಾಗಿಲ್ಲ. ಒಳ್ಳೇದಕ್ಕೇ ಅಂತ ಮಾತ್ರ ಇಟ್ಕೊಳಿ.”

ಗಾಡಿ ಕೆಸರು ಹಾರಿಸುತ್ತಾ ಹುಲ್ಲಿನ ಅಂಚಿನಲ್ಲಿ ಓಡಿತು. ಅರ್ಧ ದಾರಿಯಲ್ಲಿ ಮುದುಕ ಲಗಾಮು ಎಳೆದ. “ಹೋಗ್ಲೇಬೇಕಮ್ಮ. ತಡೆಯೋಕಾಗಲ್ಲ.”

“ಈಗಲಾ?”

“ಸೀಬೆಕಾಯಿನ ಕೇಳು, ನನ್ನ ಕೇಳ್ಬೇಡ.”

ಅವನು ಪೊದೆಯ ಹಿಂದೆ ನಿಂತ. ನಿಮಿಯಾ ಗಾಡಿಯ ಹಲಗೆಯನ್ನು ಕುಟ್ಟುತ್ತಾ ಕೂತಳು. ದೂರದಲ್ಲಿ ಬಸ್ಸಿನ ಇಂಜಿನ್ ಒಮ್ಮೆ ಕೆಮ್ಮಿ ಚಾಲೂ ಆಯಿತು. “ಬನ್ನೀ! ಉಳಿದದ್ದು ಆಮೇಲೆ!” ಎಂದು ಅವಳು ಕಿರುಚಿದ್ದಕ್ಕೆ ಪೊದೆಯ ಹಿಂದಿನಿಂದ ಉತ್ತರ ಬಂತು: “ಯಾವಾಗ್ಲೂ ಉಳಿಯೋದೇ ಅಲ್ವಾ ನನ್ನ ಕಾಯಿಲೆ!”

ಅವರು ತಲುಪಿದಾಗ ಪೊಲೀಸಿನವನು ಸರಪಳಿಯ ಬೀಗಕ್ಕೆ ಕೀಲಿ ಹಾಕುತ್ತಿದ್ದ. ಪ್ರಯಾಣಿಕರು ಚಿಪಾ ರೊಟ್ಟಿ ಕಡಿಯುತ್ತಾ, ಲೋಟ ಮುಗಿಸುತ್ತಾ ಬಸ್ ಹತ್ತುತ್ತಿದ್ದರು. ಸೆಫೆರಿನಾ ಕೊನೆಯವಳಾಗಿ ಕಲ್ಲೊಂದರ ಮೇಲೆ ಮುದುಡಿ ಕೂತಿದ್ದಳು. ಬೆರಳಲ್ಲಿ ಉಂಗುರ ಇನ್ನೂ ಇತ್ತು, ಅದನ್ನು ತಿರುಗಿಸುತ್ತಿದ್ದಳು.

ನಿಮಿಯಾ ಜಿಗಿದು ಓಡಿ ಅವಳ ಕಿವಿಯಲ್ಲಿ ಕೇಳಿದಳು: “ನಿಜ ಹೇಳು. ಬೆಳಿಗ್ಗೆ ಖಾಲಿ ಮಾಡಿದ್ಯಾ?”

ಹುಡುಗಿಯ ಮುಖ ಕೆಂಪಾಯಿತು. “ಒಳಗೆ... ಮಾವ ಇದ್ರು.”

“ಆಮೇಲೆ?”

“ಆಮೇಲೆ ನೀವು ಕೂಗಿದ್ರಿ. ಎಲ್ರೂ ನೋಡ್ತಿದ್ರು. ಗಡ್ಡೆ ಇದೆ ಅಂದ ಮೇಲೆ ಅದೆಲ್ಲ ಯಾಕೆ ಅಂತ ಸುಮ್ಮನಾದೆ. ಇಲ್ಲಿ ನೋಡಿ, ಬರೀ ಬಯಲು.”

“ತಪ್ಪು ನಂದು ಕಣೇ. ಬಾಗಿಲು ಹಾಕಿ ಕೇಳ್ಬೇಕಿತ್ತು” ಎಂದಳು ನಿಮಿಯಾ. ಬಿಳಿ ಕೋಟನ್ನು ಬಿಚ್ಚಿದಳು. ಬಸ್ಸಿನಿಂದ ಇಬ್ಬರು ಹೆಂಗಸರನ್ನು ಇಳಿಸಿ, ಒಬ್ಬಳ ಕಂಬಳಿಯನ್ನೂ ತನ್ನ ಕೋಟನ್ನೂ ಪೊದೆಗೆ ಅಡ್ಡ ಹಿಡಿಸಿದಳು. ಗಂಡಸರಿಗೆಲ್ಲ ಆ ಕಡೆ ತಿರುಗಿ ನಿಲ್ಲಲು ಹೇಳಿದಳು. ಹೆರ್ವಾಸಿಯೊ ಎಲ್ಲರಿಗಿಂತ ಮೊದಲು ತಿರುಗಿ, ಟೋಪಿಯಿಂದ ಮುಖವನ್ನೂ ಮುಚ್ಚಿಕೊಂಡ. ಕಂಬಳಿ ಹಿಡಿದ ಹೆಂಗಸು ಸ್ವಲ್ಪ ಹೊತ್ತಾದ ಮೇಲೆ “ಯೇಸುವೇ, ತಿಂಗಳಿಡೀ ಹಿಡ್ಕೊಂಡಿದ್ಯಾ?” ಎಂದಳು.

ಪೊದೆಯಿಂದ ಹೊರಬಂದ ಸೆಫೆರಿನಾ ನೆಟ್ಟಗೆ ನಿಂತಿದ್ದಳು. ಬೆಳಗಿನಿಂದ ಅವಳು ನೆಟ್ಟಗೆ ನಿಂತದ್ದು ಅದೇ ಮೊದಲು.

ಆದರೂ ನಿಮಿಯಾಗೆ ಊಹೆ ಸಾಲದು, ಕಣ್ಣಲ್ಲಿ ಕಾಣಬೇಕು. ಬಸ್ಸನ್ನು ಹೋಗಲು ಬಿಟ್ಟು ಮೂವರೂ ಗಾಡಿಯಲ್ಲಿ ಕೇಂದ್ರಕ್ಕೆ ಮರಳಿದರು. ಹಿಂಬಾಗಿಲಿಂದಲೇ ಒಳಹೊಕ್ಕು, ಬಾಗಿಲು ಮುಚ್ಚಿ, ಮೊದಲು ಖಾಲಿಯಾದ ಕಿಬ್ಬೊಟ್ಟೆಯ ಮೇಲೆ ಪ್ರೋಬ್ ಇಟ್ಟಳು. ಹದಿನಾಲ್ಕು ಸೆಂಟಿಮೀಟರಿನ ಚೀಲ ಇರಲಿಲ್ಲ! ಅದಿದ್ದ ಜಾಗದಲ್ಲಿ ಮಡಿಸಿದ ಕರವಸ್ತ್ರದಷ್ಟು ಸಣ್ಣ ಮೂತ್ರಕೋಶ. ನಿಮಿಯಾ ಶಸ್ತ್ರವೈದ್ಯರಿಗೆ ಬರೆದ ಪತ್ರವನ್ನು ಇಸಿದುಕೊಂಡು ನಾಲ್ಕು ತುಂಡು ಮಾಡಿದಳು. ಆಮೇಲೆ ಅಳತೆಯಾಗಿ ನೀರು ಕುಡಿಸಿದಳು, ಕಾದಳು, ಮತ್ತೆ ನೋಡಿದಳು.

“ನೋಡು ಸೆಫೆರಿನಾ, ನೋಡು! ಇದು ಗರ್ಭಕೋಶ, ಬೋರಲು ಹಾಕಿದ ಮರಸೇಬಿನ ಹಾಗೆ. ಮಧ್ಯದ ಬಿಳಿ ಗೆರೆ ಕಾಣ್ತಾ? ಅದು ಒಳಪದರ. ಇದು ಎಡ ಅಂಡಾಶಯ. ಇನ್ನು ಬಲ...” ಪ್ರೋಬ್ ಸ್ವಲ್ಪ ವಾಲಿಸಿದಳು. “ಓಹೋ! ಇಲ್ಲಿದೆಯಲ್ಲ ನಿನ್ನ ನೋವು!”

ಬಲ ಅಂಡಾಶಯದ ಅಂಚಿನಲ್ಲಿ ಒಂದು ದುಂಡು ಕಪ್ಪು, ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ಸುತ್ತ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಅಮ್ಮ ಹೆಣೆದ ನ್ಯಾಂದುತಿಯ ನಡುವಿನ ಸುತ್ತು ನೆನಪಾಯಿತು ನಿಮಿಯಾಗೆ.

“ಗಡ್ಡೆನಾ?” ಸೆಫೆರಿನಾ ಮೊಣಕೈ ಊರಿ ಅರ್ಧ ಎದ್ದಳು.

“ಮೊಟ್ಟೆಯ ಕೋಶ ಕಣೇ! ಬಲಿತಿದೆ, ಇವತ್ತೋ ನಾಳೆಯೋ ಒಡೆದು ಮೊಟ್ಟೆ ಹೊರಡುತ್ತೆ. ಹೊರಡೋ ಹೊತ್ತಿಗೆ ಕೆಲವರಿಗೆ ನೋವು ಬರುತ್ತೆ. ನೋವು ಬರೋದು ಮುಟ್ಟಿನ ದಿನದಲ್ಲಲ್ಲ, ಎರಡು ಮುಟ್ಟಿನ ನಡುವೆ ಅಲ್ವಾ?”

“ಹೌದು, ನಡುವೆ! ಹೌದು!”

“ಎರಡೂ ಅಂಡಾಶಯ ಇದಾವೆ, ಎರಡೂ ಕೆಲಸ ಮಾಡ್ತಿವೆ. ಯಾರೂ ಏನೂ ತೆಗೆಯಲ್ಲ.”

ಸೆಫೆರಿನಾ ಈಗ ಅತ್ತಳು, ನಗುತ್ತಲೇ. ನಿಮಿಯಾ ಅವಳ ಹೊಟ್ಟೆಯ ಜೆಲ್ ಒರೆಸಿದಳು, ಆಮೇಲೆ ಅದೇ ಬಟ್ಟೆಯ ಒಣ ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಜಗಲಿಗೆ ಬಂದರೆ ಹೆರ್ವಾಸಿಯೊ ಅಷ್ಟರಲ್ಲಿ ಲೋಟ ತುಂಬಿಸಿಕೊಂಡು ಎದುರಿಗೇ ಹಿಡಿದ. “ಬಿಸಿಲಲ್ಲಿ ಅಲೆದು ಬಂದಿದೀಯಮ್ಮ. ತಗೋ, ಕುಡಿ.”

ಸೆಫೆರಿನಾ ಲೋಟವನ್ನು ನೋಡಿದಳು, ಮಾವನನ್ನು ನೋಡಿದಳು.

“ಗ್ರಾಸಿಯಾಸ್ ಮಾವ.”

ಮುದುಕ ಟೋಪಿ ಹಿಂದಕ್ಕೆ ತಳ್ಳಿದ. “ಕೇಳಿದ್ರೇನ್ರೋ? ಇನ್ನೂ ಮನೆಗೇ ಬಂದಿಲ್ಲ, ನನ್ನ ಕೈಯ ಲೋಟ ಬೇಡ ಅಂದ್ಳು! ಸರಿ ಬಿಡು, ರುಬೆನ್‌ನ ಅಂಕೆಯಲ್ಲಿಡೋಕೆ ಇಂಥವಳೇ ಬೇಕು.”

ನಿಮಿಯಾ ಬಾಗಿಲಿಗೆ ಒಂದು ದಪ್ಪ ಪರದೆ ಕಟ್ಟಿಸಬೇಕೆಂದುಕೊಳ್ಳುತ್ತಾ, ಗಂಟಲು ಸರಿಮಾಡಿಕೊಂಡು ಕೇಳಿದಳು: “ಮುಂದಿನ ಸರದಿ ಯಾರದು?”

ಅವಳು ಬಸ್ಸಿನ ಹಿಂದೆ ಓಡಿಹೋದಾಗಿನಿಂದ, ಯಾರೂ ಏಳಬೇಡಿ ಎಂದ ಅವಳ ಮಾತಿಗೆ ಕಟ್ಟುಬಿದ್ದು, ಹೀರುತ್ತಾ ಕೂತಿದ್ದ ಜಗಲಿ ಜಗಲಿಯೇ ಒಂದೇ ಸಲ ಎದ್ದು ನಿಂತು, ಕಾಲು ಬದಲಾಯಿಸುತ್ತಾ, ಒಕ್ಕೊರಲಿನಿಂದ ಕೂಗಿತು:

“ಗ್ರಾಸಿಯಾಸ್!”