ಉಸಿರು ಕಟ್ಟೋ ಮೇಕೆ

"ಅದೆಲ್ಲ ಇರ್ಲಿ ಕಣಮ್ಮ, ಈ ಮೇಕೆ ಯಾರು? ಅದನ್ನ ಹೇಳು ಮೊದ್ಲು!" ಬ್ಲೌಸ್ ಹೊಲಿಸೋಕೆ ಬಂದ ಸರಸಮ್ಮ ವಾರಪತ್ರಿಕೆ ಹಿಡ್ಕೊಂಡು ಬಾಗ್ಲಲ್ಲೇ ನಿಂತ್ಬುಟ್ರು.

ನನ್ನ ಕೈಲಿ ಟೀ ಲೋಟ ಹಂಗೇ ನಿಂತೋಯ್ತು. ಮಧುಗಿರಿಯಿಂದ ಬಸ್ ಹತ್ತಿ ಶಿರಾಗೆ ಬಂದಿದ್ದೇ ಅಂಬ್ರೀನ್‌ಗೆ ಕಂಗ್ರಾಟ್ಸ್ ಹೇಳೋಕೆ. ನಮ್ಮ ಕ್ಲಾಸಿನವಳ ಕತೆ ವಾರಪತ್ರಿಕೇಲಿ ಬಂದಿದೆ ಕಣ್ರೀ!

ಅವಳಮ್ಮ ಅಫ್ಜಲುನ್ನೀಸಾ ಆಂಟಿ ಮನೇಲೇ ಬ್ಲೌಸ್ ಹೊಲಿತಾರೆ. ಅಳತೆ ಕೊಡೋಕೆ ಬಂದೋರು ಸೊಸೆ ಕತೆ, ಗಂಡನ ಕತೆ ಎಲ್ಲಾ ಕಕ್ಬಿಡ್ತಾರೆ. ಆಂಟಿ ಮಾತ್ರ, ಮೊಳೆಗೆ ನೇತಾಕಿರೋ ಬ್ಲೌಸ್ ಯಾರದು ಅಂತ ಕೇಳಿದ್ರೂ ಬಾಯಿ ಬಿಡಲ್ಲ. ಅಂಬ್ರೀನ್ ಸ್ಕೂಲಲ್ಲಿ ಬರೆಯೋಕೆ ಶುರು ಮಾಡ್ದಾಗ್ಲೇ ಹೇಳಿದ್ರಂತೆ: "ಇಲ್ಲಿ ಕೇಳಿದ್ದು ಇಲ್ಲೇ ಇರ್ಲಿ ಬೇಟಿ. ಗಿರಾಕಿ ಮುನಿಸ್ಕೊಂಡ್ರೆ ಮಷಿನ್ ನಿಂತೋಗುತ್ತೆ."

ಇವಳೇನ್ಮಾಡಿದ್ಲು ಗೊತ್ತಾ? ಎಲ್ಲರನ್ನೂ ಮೇಕೆ ಮಾಡ್ಬಿಟ್ಲು! ಅತ್ತೆ ಮೇಕೆ, ಬಡಾಯಿ ಮೇಕೆ, ಗಂಡನ ಜೇಬು ತಡಕೋ ಮೇಕೆ. ಆಂಟಿ ಒಂದೊಂದನ್ನೂ ಓದಿಸ್ಕೊಂಡು, "ಕೊಂಬು ತೆಗಿ, ಯಾರು ಅಂತ ಗೊತ್ತಾಗೋಗುತ್ತೆ" ಅನ್ನೋರಂತೆ. ಕೊಂಬು ಅಂದ್ರೆ ಆಂಟಿ ಲೆಕ್ಕದಲ್ಲಿ ಆಳನ್ನ ಹಿಡಿದುಕೊಡೋ ಗುರುತು. ಕಾಲೇಜಲ್ಲಿ ನಾವು ಅವಳನ್ನ 'ಮೇಕೆ ರೈಟರ್' ಅಂತಾನೇ ಕರೆಯೋದು.

ಈ ಸಲದ ಮೇಕೆ ಟೈಲರ್ ಟೇಪ್ ಸುತ್ತಿದ ತಕ್ಷಣ ಹೊಟ್ಟೆ ಒಳಗೆಳ್ಕೊಂಡು ಉಸಿರು ಕಟ್ಟುತ್ತೆ. ಟೈಲರ್ ಮಾತಾಡ್ದೆ ಎರಡು ಬೆರಳು ಜಾಸ್ತಿ ಇಟ್ಟು ಹೊಲಿತಾಳೆ. ಬ್ಲೌಸ್ ಸರಿಯಾಗಿ ಕೂತ್ಕೊಳ್ಳುತ್ತೆ, ಮೇಕೆ "ನಾನು ಸಣ್ಣ ಆಗಿದೀನಿ" ಅಂತ ಬೀದಿ ತುಂಬಾ ಮೆರೆಯುತ್ತೆ.

ಆಂಟಿ ಮುಖ ಬಿಳಚ್ಕೊಂಡಿತ್ತು. ಗೌರಿ ಹಬ್ಬ ಬೇರೆ ಹತ್ರ. ಸರಸಮ್ಮ ಒಬ್ರು ತಿರುಗ್ಕೊಂಡ್ರೆ ಅವರ ಬೀದಿ ಪೂರ್ತಿ ಬೇರೆ ಟೈಲರ್ ಹತ್ರ ಹೋಗುತ್ತೆ.

"ಅದು ಬರೀ ಮೇಕೆ ಸರಸಮ್ಮ..." ಅಂದ್ರು ಮೆಲ್ಲಗೆ.

"ಸುಮ್ನಿರಮ್ಮ! ನಮ್ಮ ಬೀದಿ ಚಿಕ್ಕಹನುಮಕ್ಕನೇ ಅದು! ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಅವಳೋ, ಅದು ಎದುರುಮನೆಯೋಳು ಅಂತಾವ್ಳೆ! ತನ್ನ ಬಗ್ಗೆ ಅಂತಾನೇ ತಿಳಿದಿಲ್ಲ ನೋಡು, ಪಾಪ."

ಅಂಬ್ರೀನ್ ದುಪಟ್ಟಾ ಬಾಯಿಗಿಟ್ಕೊಂಡ್ಲು.

"ಸರಿ, ನಂದು ತಗೋ," ಅಂತ ಸರಸಮ್ಮ ಒಳಗೆ ಬಂದು, ಹೊಸ ರೇಷ್ಮೆ ಬಟ್ಟೆ ಕೊಟ್ಟು ಅಳತೆಗೆ ನಿಂತ್ರು. ಆಂಟಿ ಟೇಪ್ ಸುತ್ತಿದ್ರು. ಸರಸಮ್ಮ ಹೊಟ್ಟೆ ಎಳ್ಕೊಂಡು... ಉಸಿರು ಕಟ್ಬಿಟ್ರು!

ನಾನು ಟೀ ಉಗುಳೋದೊಂದು ಬಾಕಿ. ಆಂಟಿ ಮುಖದಲ್ಲಿ ಒಂದು ಗೆರೆನೂ ಅಲ್ಲಾಡ್ಲಿಲ್ಲ. ಟೇಪ್ ಮೇಲೆ ಎರಡು ಬೆರಳು ಜಾಸ್ತಿ ಹಿಡಿದು, ಬರ್ಕೊಂಡ್ರು.

ಸರಸಮ್ಮ ಗೇಟ್ ದಾಟಿದ್ದೇ ತಡ, ಆಂಟಿ ಮಷಿನ್ ಮೇಲೆ ತಲೆ ಇಟ್ಟು ನಗೋಕೆ ಶುರು ಮಾಡಿದ್ರು. ನಗ್ತಾ ಕಣ್ಣಲ್ಲಿ ನೀರು. ಆಮೇಲೆ ಒರೆಸ್ಕೊಂಡು, "ಬೇಟಿ, ಮುಂದಿನ್ದಕ್ಕೆ ಕೊಂಬು ಇರ್ಲಿ ಬಿಡು," ಅಂದ್ರು.

ಅಂಬ್ರೀನ್ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡ್ಕೊಂಡ್ಲು ಅಂದ್ರೆ, ಬಳೆ ಒತ್ತಿ ಗುರುತು ಬಿತ್ತು.

ಬಸ್ಸಿಗೆ ಹೊರಟಾಗ ಆಂಟಿ, "ನಿಂಗೂ ಹಬ್ಬಕ್ಕೆ ಬ್ಲೌಸ್ ಬೇಡ್ವಾ ಚೈತ್ರ?" ಅಂದ್ರು. ಮುಂದಿನ ಗುರುವಾರ ಬಟ್ಟೆ ತಗೊಂಡು ಹೋಗ್ತಿದೀನಿ. ಕೊಂಬಿರೋ ಕತೇನೂ ಅಷ್ಟೊತ್ತಿಗೆ ರೆಡಿ ಇರುತ್ತಂತೆ. ನಾನಂತೂ ಉಸಿರು ಬಿಟ್ಕೊಂಡೇ ನಿಂತ್ಕೋತೀನಪ್ಪ!